ಹಿಟ್ಟಿನ ಜೊತೆ ಮಲಗಿದವರು

ಬೇರೆಯವರು ದಿನಕ್ಕೆ ಮೂರು ಹೊತ್ತು ಗುಳಿಗೆ ನುಂಗುವ ಹಾಗೆ ದೆಹಲಿಯ ಲಕ್ಷ್ಮೀ ನಗರದ ರಮಾನಾಥ ದಿನಕ್ಕೆ ಮೂರು ಹೊತ್ತು ಈಗಿನ ಹುಡುಗರನ್ನು ಬೈಯುತ್ತಿದ್ದ. ತಿಂಡಿಯ ಹೊತ್ತಿಗೆ ಒಮ್ಮೆ, ಊಟದ ಹೊತ್ತಿಗೆ ಒಮ್ಮೆ, ಸಂಜೆ ಕಾಫಿಯ ಹೊತ್ತಿಗೆ ತುಸು ಹೆಚ್ಚಿನ ಪ್ರಮಾಣದಲ್ಲಿ ಒಮ್ಮೆ. ತಮಾಷೆಯೆಂದರೆ ಅವನ ಹೋಟೆಲಿಗೆ ಬರುವವರೆಲ್ಲ ಈಗಿನ ಹುಡುಗರೇ. ಸುತ್ತಲಿನ ಕೋಚಿಂಗ್ ಕ್ಲಾಸುಗಳಲ್ಲಿ ಸಿಎ ಪರೀಕ್ಷೆಗೆ ಓದುವ, ನಾಲ್ಕು ಜನಕ್ಕೊಂದು ಕೋಣೆ ಹಿಡಿದು ಬದುಕುವ ಆ ಮಕ್ಕಳು ಅವನ ಬೈಗುಳವನ್ನು ಎರಡನೆಯ ಚಟ್ನಿ ಎಂದುಕೊಂಡು ಇಡ್ಲಿಯ ಜೊತೆ ತಿಂದು ಹೋಗುತ್ತಿದ್ದರು.

ಆರೋಪಪಟ್ಟಿ ಉದ್ದದ್ದು. ಈಗಿನವರು ಇಡ್ಲಿಯನ್ನು ಚಮಚದಲ್ಲಿ ಕಡಿಯುತ್ತಾರೆ. ಎಡಗೈಯಲ್ಲಿ ಮೊಬೈಲು ಹಿಡಿದು ಬಲಗೈಯಲ್ಲಿ ದೋಸೆ ಹರಿಯಲು ಹೋಗಿ ಎರಡನ್ನೂ ಸಾಂಬಾರಿನಲ್ಲಿ ಅದ್ದುತ್ತಾರೆ. ಮೂರು ವರ್ಷದ ಪಾಠವನ್ನು ಮೂರು ತಿಂಗಳಲ್ಲಿ ಕುಡಿಸುವ ಕ್ಲಾಸಿಗೆ ಸೇರಿ ಆಮೇಲೆ ತಲೆನೋವು ಎನ್ನುತ್ತಾರೆ. ಎರಡು ಸ್ವೆಟರಿನ ಮೇಲೊಂದು ಜಾಕೆಟ್ ಏರಿಸಿಯೂ ಚಳಿ ಚಳಿ ಎಂದು ಕುಣಿಯುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಮೈಯಲ್ಲಿ ಕಸುವಿಲ್ಲ.

ಈ ಕೊನೆಯ ಮಾತು ರಮಾನಾಥನ ಸ್ವಂತದ್ದಲ್ಲ. ಮೂವತ್ತೊಂದು ವರ್ಷದ ಹಿಂದೆ ಇನ್ನೊಬ್ಬರ ಬಾಯಿಂದ ಕೇಳಿ ಎತ್ತಿಕೊಂಡದ್ದು. ಯಾವ ಸಂದರ್ಭದಲ್ಲಿ ಕೇಳಿದ್ದೆಂದು ಅವನು ಹೆಂಡತಿಗೂ ಹೇಳಿರಲಿಲ್ಲ.

ಹೋಟೆಲು ಒಂದು ರಾಜ್ಯವಾದರೆ ಹಿಟ್ಟು ಅದರ ಮಹಾರಾಣಿ. ಕುಂದಾಪುರದ ಸೆಕೆಯಲ್ಲಿ ಬೆಳೆದ ಕುಲ ಅದು. ಅಲ್ಲಿ ಸಂಜೆ ರುಬ್ಬಿಟ್ಟರೆ ಸಾಕು, ಬೆಳಿಗ್ಗೆ ತಾನಾಗಿಯೇ ಎದ್ದು ಪಾತ್ರೆಯ ಮುಚ್ಚಳ ತಳ್ಳಿ ದರ್ಬಾರು ನಡೆಸುತ್ತದೆ. ದೆಹಲಿಯ ಜನವರಿಯಲ್ಲಿ ಅದೇ ಮಹಾರಾಣಿ ಹಾಸಿಗೆ ಬಿಟ್ಟು ಏಳುವುದಿಲ್ಲ. ಯಮುನೆಯ ಕಡೆಯಿಂದ ಮಂಜು ಬಂದು ಗಲ್ಲಿಗಳನ್ನು ತುಂಬಿಕೊಂಡು, ಮಧ್ಯಾಹ್ನವಾದರೂ ಸೂರ್ಯ ಹಳೆಯ ಅಲ್ಯೂಮಿನಿಯಂ ತಟ್ಟೆಯ ಹಾಗೆ ಕಾಣಿಸುವ ಆ ದಿನಗಳಲ್ಲಿ ರಮಾನಾಥ ಸೇನಾಪತಿಯಾಗುತ್ತಿದ್ದ. ಪಾತ್ರೆಗೆ ರಜಾಯಿ ಹೊದಿಸುತ್ತಿದ್ದ. ಸುತ್ತ ಬಿಸಿನೀರಿನ ಕೊಡಗಳ ಕಾವಲು ಹಾಕುತ್ತಿದ್ದ. ಹಿಟ್ಟಿನ ಕೋಣೆಯ ಒಂದೇ ಒಂದು ಗವಾಕ್ಷಿಗೆ ರಟ್ಟು ಬಡಿದು ಶತ್ರುವಿನ ದಾರಿ ಮುಚ್ಚುತ್ತಿದ್ದ. ಆಮೇಲೆ ಗಲ್ಲಾಪೆಟ್ಟಿಗೆಯ ಹಿಂದೆ ಮಂಕಿ ಕ್ಯಾಪಿನಲ್ಲಿ ಕುಳಿತು, ಯಾರಾದರೂ ಇಡ್ಲಿ ಗಟ್ಟಿ ಎಂದರೆ, ತನ್ನ ಕಥೆಯನ್ನು ಶುರುಮಾಡುತ್ತಿದ್ದ.

ಕಥೆ ಹೀಗೆ. ಅವನು ಹದಿನೇಳನೆಯ ವಯಸ್ಸಿಗೆ ದೆಹಲಿಗೆ ಬಂದು ಕರೋಲ್‌ಬಾಗಿನ ಇಂದುಶೇಖರ ರಾಯರ ಹೋಟೆಲಿಗೆ ಸೇರಿದ. ಎಪ್ಪತ್ತೆರಡರ ಜನವರಿಯಲ್ಲಿ ಮರಗಟ್ಟುವ ಚಳಿ ಬಿತ್ತು. ಹಿಟ್ಟು ಎರಡು ದಿನ ಏಳಲಿಲ್ಲ. ಯಾರಿಗಿದೆ ಧೈರ್ಯ ಎಂದು ರಾಯರು ಕೇಳಿದರು. ರಮಾನಾಥ ಎದ್ದು ನಿಂತ. ಅಂಗೀಠಿಯೆಂಬ ಇದ್ದಿಲೊಲೆಯ ತುಂಬ ಕೆಂಡ ಹಾಕಿ, ಹಿಟ್ಟಿನ ಕೋಣೆಯೊಳಗೆ ಇಟ್ಟು, ಬಾಗಿಲು ಹಾಕಿ, ಸಂದಿಗೆ ಗೋಣಿ ತುರುಕಿ, ಪಾತ್ರೆಯನ್ನು ಹಸುಗೂಸಿನ ಹಾಗೆ ತಬ್ಬಿಕೊಂಡು ಮಲಗಿದ. ಇಲ್ಲಿ ಅವನು ನಿಲ್ಲಿಸುತ್ತಿದ್ದ. ಒಂದು ಗುಟುಕು ಕಾಫಿ ಕುಡಿಯುವಷ್ಟು ಹೊತ್ತು. ಆಮೇಲೆ ಬೆಳಗಾಯಿತು. ಹಿಟ್ಟು ಪಾತ್ರೆ ತುಂಬಿ, ಕಂಠ ದಾಟಿ, ನೆಲಕ್ಕೆ ಹರಿದಿತ್ತು. ರಾಯರು ಬೆನ್ನು ತಟ್ಟಿ, ಹುಡುಗ ಅಂದ್ರೆ ಹೀಗಿರಬೇಕು ಎಂದರು.

ಹೆಂಡತಿ ಚಂಪಾ ಈ ಕಥೆಯನ್ನು ಮದುವೆಯಾದ ವಾರದಲ್ಲೇ ಕೇಳಿದ್ದಳು. ಮಗ ರೋಹಿತ್ ಮತ್ತು ಮಗಳು ನಿರೀಕ್ಷಾ ತೊಟ್ಟಿಲಿನಲ್ಲೇ ಕೇಳಿ ಬೆಳೆದಿದ್ದರು. ಕೋಚಿಂಗ್ ಹುಡುಗರ ನಾಲ್ಕು ತಂಡಗಳು ಕೇಳಿ, ಪರೀಕ್ಷೆ ಬರೆದು, ಊರಿಗೆ ಹೋಗಿದ್ದವು.

ಇನ್ನರ್ಧ ಕಥೆಯನ್ನು ಯಾರೂ ಕೇಳಿರಲಿಲ್ಲ.

ಆ ಕೋಣೆಯಲ್ಲಿ ಮಲಗಿದವರು ಇಬ್ಬರು. ಇನ್ನೊಬ್ಬ ಗೋಪಿನಾಥ, ರಮಾನಾಥನ ಊರಿನವನೇ, ಒಂದೇ ಬಸ್ಸು ಒಂದೇ ರೈಲು ಹಿಡಿದು ಜೊತೆಗೆ ಬಂದವನು. ಕೆಂಡದ ಪಕ್ಕದ ಬೆಚ್ಚಗಿನ ಜಾಗಕ್ಕೆ ಇಬ್ಬರಿಗೂ ಜಗಳವಾಗಿ, ನಾಣ್ಯ ಚಿಮ್ಮಿ, ಗೋಪಿನಾಥ ಗೆದ್ದ. ರಮಾನಾಥ ಬೈದುಕೊಳ್ಳುತ್ತ ಬಾಗಿಲಿನ ಬುಡದಲ್ಲಿ ಮಲಗಿದ. ಅಲ್ಲಿ ಗೋಣಿ ಸ್ವಲ್ಪ ಸರಿದು ಮೂಗಿನ ಹತ್ತಿರವೇ ತಣ್ಣನೆ ಗಾಳಿ ಬರುತ್ತಿತ್ತು. ಬೆಳಿಗ್ಗೆ ರಾಯರು ಬಾಗಿಲು ತಳ್ಳಿ ಮೊದಲು ನೋಡಿದ್ದು ಹಿಟ್ಟನ್ನು. ಬೆನ್ನು ತಟ್ಟಿದ್ದೂ ಆಗಲೇ. ಆಮೇಲೆ ಗೋಪಿನಾಥನನ್ನು ಕಾಲಿನಿಂದ ಮೆಲ್ಲಗೆ ತಿವಿದು, ಇನ್ನೂ ಏಳಲಿಲ್ಲವೇನೋ ಎಂದರು. ಅವನ ಗಲ್ಲ ಕೆಂಪಗೆ ಹೊಳೆಯುತ್ತಿತ್ತು, ಮದುಮಗನ ಹಾಗೆ. ಅಷ್ಟು ಆರೋಗ್ಯವಾಗಿ ಅವನು ಬದುಕಿದ್ದಾಗ ಎಂದೂ ಕಂಡಿರಲಿಲ್ಲ.

ಊರಿಗೆ ಜ್ವರವೆಂದು ಕಾಗದ ಹೋಯಿತು. ಮಸಣದಿಂದ ಬಂದು ಕೈಕಾಲು ತೊಳೆಯುತ್ತ ಇಂದುಶೇಖರ ರಾಯರು ಅಡುಗೆಯವರಿಗೆಲ್ಲ ಕೇಳುವಂತೆ ಹೇಳಿದರು: "ನಮ್ಮ ಕಾಲದಲ್ಲಿ ನಾವೂ ಹೀಗೇ ಮಲಗ್ತಿದ್ವಿ. ಈಗಿನ ಹುಡುಗರಿಗೆ ಮೈಯಲ್ಲಿ ಕಸುವಿಲ್ಲ."

ಗೋಪಿನಾಥನನ್ನು ಕೊಂದದ್ದು ಏನೆಂದು ರಮಾನಾಥನಿಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಪತ್ರಿಕೆಯಿಂದ. ಪ್ರತಿ ಜನವರಿಯಲ್ಲೂ ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲು ಬರುತ್ತಿತ್ತು: ಮುಚ್ಚಿದ ಕೋಣೆ, ಅಂಗೀಠಿ, ಕೆಂಡದಿಂದ ಹೊರಟ ಕಣ್ಣಿಗೆ ಕಾಣದ ವಿಷಗಾಳಿ, ಮಲಗಿದವರು ಏಳಲಿಲ್ಲ. ಅವನು ಆ ಪುಟವನ್ನು ಎಲ್ಲರಿಗಿಂತ ಮೊದಲೇ ಹರಿದು ವಡೆ ಕಟ್ಟುವ ಕಾಗದದ ಕೆಳಗೆ ಸೇರಿಸಿಬಿಡುತ್ತಿದ್ದ. ಸ್ವಂತ ಹೋಟೆಲಿನ ಹಿಟ್ಟಿನ ಕೋಣೆಗೆ ಒಂದು ದಿನವೂ ಕೆಂಡ ತರಲಿಲ್ಲ. ಯಾಕೆಂದು ಚಂಪಾ ಕೇಳಿದರೆ ಈಗಿನ ಇದ್ದಿಲು ಸರಿಯಿಲ್ಲ ಎನ್ನುತ್ತಿದ್ದ. ಕಥೆಯನ್ನು ಮಾತ್ರ ಬಿಡಲಿಲ್ಲ. ಬದುಕಿನಲ್ಲಿ ಅವನ ಬೆನ್ನನ್ನು ಯಾರಾದರೂ ತಟ್ಟಿದ್ದು ಅದೊಂದು ಸಲ. ಅದನ್ನೂ ಬಿಟ್ಟುಕೊಟ್ಟರೆ ಬೈಯಲು ನಿಲ್ಲುವುದು ಯಾವ ಕಟ್ಟೆಯ ಮೇಲೆ?

ಎರಡು ಸಾವಿರದ ಮೂರರ ಜನವರಿ ಬಂತು. ರೋಹಿತನಿಗೆ ಹತ್ತೊಂಬತ್ತು ತುಂಬಿತ್ತು. ಬಿ.ಕಾಂ. ಎರಡನೆಯ ವರ್ಷ. ಕನ್ನಡವನ್ನು ಅರ್ಥಮಾಡಿಕೊಳ್ಳುತ್ತಿದ್ದ, ಹಿಂದಿಯಲ್ಲಿ ಯೋಚಿಸುತ್ತಿದ್ದ, ಅಪ್ಪನನ್ನು ಎರಡೂ ಭಾಷೆಗಳಲ್ಲಿ ಸಹಿಸುತ್ತಿದ್ದ. ಆ ವರ್ಷ ಅವನು ಎಲ್ಲಿಂದಲೋ ಐಸ್‌ಕ್ರೀಮಿನ ದೊಡ್ಡ ಥರ್ಮೋಕೋಲ್ ಪೆಟ್ಟಿಗೆ ತಂದು, ಒಳಗೊಂದು ಬಲ್ಬು ತೂಗುಬಿಟ್ಟು, ಜ್ವರ ನೋಡುವ ಕಡ್ಡಿ ಸಿಕ್ಕಿಸಿ, ಒಂದು ಸಣ್ಣ ಪಾತ್ರೆ ಹಿಟ್ಟಿಟ್ಟ. ಹತ್ತು ಗಂಟೆಯಲ್ಲಿ ಹಿಟ್ಟು ಉಬ್ಬಿತು. ರಮಾನಾಥ ಅದರ ಇಡ್ಲಿ ತಿಂದು ನೋಡಿದ. ಮಲ್ಲಿಗೆಯ ಹಾಗಿತ್ತು. ಕೆಟ್ಟಿದ್ದರೆ ಕ್ಷಮಿಸುತ್ತಿದ್ದನೇನೋ, ಚೆನ್ನಾಗಿದ್ದದ್ದರಿಂದ ಕೋಪ ನೆತ್ತಿಗೇರಿತು.

ತುಂಬಿದ ಹೋಟೆಲಿನಲ್ಲಿ ಅವನು ಘೋಷಿಸಿದ: "ನೋಡ್ರಪ್ಪಾ, ನಾವು ಹಿಟ್ಟಿನ ಜೊತೆ ಮಲಗಿದವರು. ಇವರು ಹಿಟ್ಟಿಗೆ ನರ್ಸಿಂಗ್ ಹೋಮ್ ಕಟ್ಟುವವರು."

ಹುಡುಗರು ನಕ್ಕರು. ರೋಹಿತನ ಕಿವಿಗಳು ಬಣ್ಣ ಬದಲಿಸಿದವು. ಹೇಳದೆ ಉಳಿದ ಮಾತುಗಳನ್ನು ನುಂಗಿ, ಮುಖ ಗಂಟಿಕ್ಕಿ, ಎದೆಯುಬ್ಬಿಸಿ ಅಡುಗೆಮನೆಗೆ ಹೋದ ಆ ಹುಡುಗನ ನಡಿಗೆಯನ್ನು ಹಳೆಯ ಕರೋಲ್‌ಬಾಗಿನವರು ಯಾರಾದರೂ ನೋಡಿದ್ದರೆ ಇದು ಯಾರ ಮಗನೆಂದು ಕೇಳುವ ಅಗತ್ಯವಿರಲಿಲ್ಲ. ರಮಾನಾಥ ನೋಡಲಿಲ್ಲ. ಅವನು ಈಗಿನ ಹುಡುಗರು ಎಷ್ಟು ಬದಲಾಗಿದ್ದಾರೆ ಎಂದು ವಿವರಿಸುವುದರಲ್ಲಿ ಮುಳುಗಿದ್ದ.

ಸಂಕ್ರಾಂತಿಯ ಮುಂಚಿನ ಭಾನುವಾರ ದೆಹಲಿಯ ಇನ್ನೊಂದು ತುದಿಯ ದ್ವಾರಕಾದ ಕನ್ನಡ ಕುಟುಂಬಗಳ ಕೂಟಕ್ಕೆ ಸಂಜೆ ಏಳಕ್ಕೆ ಮುನ್ನೂರು ಇಡ್ಲಿ ಕಳಿಸುವುದೆಂದು ಮಾತಾಗಿತ್ತು. ಶನಿವಾರ ಮಧ್ಯಾಹ್ನವೇ ರುಬ್ಬಿದ ಹಿಟ್ಟು ಭಾನುವಾರ ಹನ್ನೆರಡಾದರೂ ಸಿಮೆಂಟಿನ ಹಾಗೆ ಕೂತಿತ್ತು. ಕರೆಂಟು ಬೆಳಗಿನ ಜಾವವೇ ಹೋಗಿ ರೋಹಿತನ ಪೆಟ್ಟಿಗೆಯೂ ತಣ್ಣಗಾಗಿತ್ತು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಎದುರಿನ ಔಷಧಿ ಅಂಗಡಿಯ ಹಸಿರು ಫಲಕ ಮಾಯವಾಗಿ, ಅಲ್ಲಿಂದ ಕೆಮ್ಮುಗಳು ಮಾತ್ರ ಬರುತ್ತಿದ್ದವು.

ರಮಾನಾಥ ಆ ಹೊತ್ತಿನಲ್ಲಿ ಮಗನಿಗೆ ಹೇಳಿದ ಮಾತುಗಳನ್ನೆಲ್ಲ ಬರೆಯುವುದು ಬೇಡ. ಬಲ್ಬನ್ನು ನಂಬಿದವರ ಗತಿ, ಥರ್ಮೋಕೋಲಿನ ತಲೆಮಾರು, ಕಸುವು, ಎಲ್ಲ ಬಂತು. ಕೊನೆಗೆ, "ಒಂದು ಮಧ್ಯಾಹ್ನ ಹಿಟ್ಟಿನ ಹತ್ರ ಕೂರೋಕೆ ನಿಮ್ಮಿಂದ ಆಗಲ್ಲ. ನಾವು ರಾತ್ರಿಯಿಡೀ ಮಲಗಿದ್ವಿ," ಎಂದ. ರೋಹಿತ್ ತಲೆ ಎತ್ತಿ, "ಅಚ್ಛಾ," ಎಂದ. ಅಷ್ಟೇ.

ಆಮೇಲೆ ಮಹಾಸೇನಾಪತಿ ಮಾನ ಬಿಟ್ಟು ಸಾಲದ ಸೈನ್ಯ ತರಲು ಹೊರಟ. ಮಯೂರ ವಿಹಾರದಲ್ಲಿ ಮನೋರಮಾ ಎಂಬ ಊರ ಕಡೆಯ ವಿಧವೆ ಒಂದು ತಿಂಡಿಯಂಗಡಿ ನಡೆಸುತ್ತಿದ್ದಳು. ಅವಳ ಹಿಟ್ಟು ಚಳಿಗಾಲದಲ್ಲೂ ಏಳುತ್ತದೆಂಬ ಪ್ರತೀತಿಯಿತ್ತು. ಆ ಪ್ರತೀತಿಯನ್ನು ಹತ್ತು ವರ್ಷದಿಂದ ಅಲ್ಲಗಳೆಯುತ್ತ ಬಂದವನು ಇವನೇ. ಒಂದೂವರೆಗೆ ಹೊರಟ ಆಟೋ, ಮಂಜಿನಲ್ಲಿ ಮುಂದಿನ ಗಾಡಿಯ ಕೆಂಪು ದೀಪ ಹಿಡಿದು ತೆವಳಿ, ಮೂರು ಗಂಟೆಗೆ ಮಯೂರ ವಿಹಾರ ಮುಟ್ಟಿತು.

ಮನೋರಮಾ ಅವನನ್ನು ಸುಮ್ಮನೆ ಬಿಡುವವಳಲ್ಲ. ಸಿಂಹ ಹಸಿದು ಬಂತಾ ಎಂದಳು. ಕೂರಿಸಿ, ಕಾಫಿ ಕೊಟ್ಟು, ಊರ ಸುದ್ದಿ ಹೇಳಿ, ಎರಡು ದೊಡ್ಡ ಡಬ್ಬಿ ಹಿಟ್ಟು ತುಂಬಿಸಿದಳು. ಅದೆಲ್ಲ ಮುಗಿಯುವಾಗ ನಾಲ್ಕಾಗಿತ್ತು. ಮುಚ್ಚಳ ಬಿಗಿಯುತ್ತ ಅವಳು ಅಂದಳು:

"ನಿನ್ನ ಮಗನಿಗೂ ನಿನ್ನ ಹಾಗೇ ಹಟ, ಮಾರಾಯಾ. ಎರಡು ಗಂಟೆಗೆ ಫೋನ್ ಮಾಡಿದ್ದ. ಅಂಗೀಠಿ ಇಟ್ಟು ಬಾಗಿಲು ಹಾಕಿದ್ರೆ ಹಿಟ್ಟು ಏಳೋಕೆ ಎಷ್ಟು ಹೊತ್ತು ಬೇಕು ಅಂತ."

ರಮಾನಾಥನ ಕೈಯಲ್ಲಿದ್ದ ಲೋಟ ನಿಂತಲ್ಲೇ ನಿಂತಿತು. "ನೀನೇನಂದೆ?"

"ನಿಮ್ಮಪ್ಪನನ್ನೇ ಕೇಳು ಅಂದೆ. ಅದರಲ್ಲಿ ಅವನೇ ಅಲ್ವಾ ಪಂಡಿತ? ಅದಕ್ಕೆ ಅವನು, ಹ್ಞೂಂ, ಅವರು ಹೇಗೆ ಮಲಗಿದ್ರು ಅಂತ ನಂಗೆ ಗೊತ್ತು ಅಂದ. ಫೋನ್ ಇಟ್ಟ."

ಮನೋರಮಾಳ ಫೋನಿನಿಂದ ಹೋಟೆಲಿಗೆ ಹಚ್ಚಿದರೆ ಗಂಟೆ ಬಾರಿಸುತ್ತಲೇ ಇತ್ತು. ಮೂರರಿಂದ ಐದರವರೆಗೆ ಹೋಟೆಲು ಮುಚ್ಚಿರುತ್ತದೆ. ಚಂಪಾ, ನಿರೀಕ್ಷಾ ಮೇಲಿನ ಮಹಡಿಯಲ್ಲಿರುತ್ತಾರೆ. ಗಲ್ಲಾದ ಮೇಲಿನ ಫೋನು ಖಾಲಿ ಮೇಜುಗಳಿಗೆ ಕೂಗಿ ಕೂಗಿ ಸುಮ್ಮನಾಗುತ್ತದೆ. ರೋಹಿತನ ಮೊಬೈಲಿಗೆ ಹಚ್ಚಿದ. ಅದೂ ಬಾರಿಸುತ್ತಿತ್ತು. ಅದು ಹೆಚ್ಚು ಕೆಟ್ಟದಾಗಿತ್ತು. ಈಗಿನ ಹುಡುಗರು ಮೊಬೈಲನ್ನು ಮೂರನೆಯ ಸಲ ಬಾರಿಸುವಷ್ಟರಲ್ಲಿ ಎತ್ತದೆ ಬಿಡುವುದಿಲ್ಲವೆಂದು ದಿನಕ್ಕೆ ಮೂರು ಹೊತ್ತು ಹೇಳಿದವನು ಅವನೇ. ಹನ್ನೆರಡು ಸಲ ಬಾರಿಸುವವರೆಗೆ ಎಣಿಸಿ ಇಟ್ಟು, ಮತ್ತೆ ಹಚ್ಚಿದ, ಒಟ್ಟು ಐದು ಸಲ.

ವಾಪಸು ಪ್ರಯಾಣವನ್ನು ಮಹಾಯಾತ್ರೆ ಎನ್ನಬೇಕು. ನಲವತ್ತೊಂಬತ್ತರ ವೀರ, ಮಂಕಿ ಕ್ಯಾಪಿನ ಕಿರೀಟ, ಎರಡು ತೊಡೆಗಳ ನಡುವೆ ಎರಡು ಡಬ್ಬಿ ಹಿಟ್ಟು, ಕೆಳಗೆ ಮೂರು ಚಕ್ರದ ರಥ. ಸಾರಥಿ ಬಿಹಾರದ ಮುದುಕ, ಮಂಜಿಗೆ ಗೌರವ ಕೊಟ್ಟು ನಡೆಯುವವನು. "ಭಯ್ಯಾ, ಜಲ್ದಿ," ಎಂದರೆ, "ಜಲ್ದಿ ಹೋದವರೆಲ್ಲ ಆ ನಾಲೆಯಲ್ಲಿದ್ದಾರೆ," ಎಂದು ಹಿಂದಿಯಲ್ಲಿ ಸಮಾಧಾನ ಹೇಳಿದ. ಡಬ್ಬಿಗಳ ಮುಚ್ಚಳ ಕುಲುಕಿ ಹಿಟ್ಟು ರಮಾನಾಥನ ಪ್ಯಾಂಟಿನ ಮೇಲೆ ಚೆಲ್ಲಿತು. ಬೆಚ್ಚಗಿತ್ತು, ಜೀವವಿತ್ತು, ಗುಳ್ಳೆ ಬಿಡುತ್ತಿತ್ತು. ಅವನು ಅದನ್ನು ನೋಡಲಾರದೆ ಹೊರಗೆ ನೋಡಿದ. ಹೊರಗೆ ಏನೂ ಇರಲಿಲ್ಲ. ಬಿಳಿ ಗೋಡೆಯಲ್ಲಿ ಒಂದು ಬಸ್ಸಿನ ಹಾರ್ನು, ಒಂದು ನಾಯಿ, ಫುಟ್‌ಪಾತಿನಲ್ಲಿ ಟೈರು ಸುಡುತ್ತ ಕೈಕಾಯಿಸುವ ನಾಲ್ಕು ನೆರಳು. ಬಯಲಲ್ಲಿ ಚಳಿ ಕಾಯಿಸುವ ಆ ಬಡವರನ್ನು ಕಂಡು ಅವನಿಗೆ ಹೊಟ್ಟೆಕಿಚ್ಚಾಯಿತು. ಅವರಿಗೆ ಬಾಗಿಲಿರಲಿಲ್ಲ.

ದಾರಿಯುದ್ದಕ್ಕೂ ಅವನು ಮಗನ ಪರವಾಗಿ ವಾದಿಸಿದ. ರೋಹಿತ್ ಈಗಿನ ಹುಡುಗ. ಸೋಮಾರಿ. ಹತ್ತು ನಿಮಿಷ ಒಂದು ಕಡೆ ಕೂರುವವನಲ್ಲ. ಹೊಗೆ ಕಂಡರೆ ಮೂಗು ಮುಚ್ಚಿ ಹೊರಗೆ ಬರುತ್ತಾನೆ. ದೊಡ್ಡವರ ಮಾತು ಕೇಳುವ ಅಭ್ಯಾಸವೇ ಇಲ್ಲ. ನನ್ನ ಕಥೆಯನ್ನು ಅವನು ಯಾವಾಗ ಕಿವಿಗೊಟ್ಟು ಕೇಳಿದ್ದಾನೆ? ಅರ್ಧಕ್ಕೇ ಎದ್ದು ಹೋಗಿರುತ್ತಾನೆ. ವರ್ಷಗಟ್ಟಲೆ ಮಾಡಿದ ಆರೋಪಗಳೆಲ್ಲ ನಿಜವಾಗಿರಲಿ ಎಂದು ರಮಾನಾಥ ಊರಿನ ಎಲ್ಲ ದೇವರಿಗೂ ಹರಕೆ ಹೊತ್ತ. ಮಗ ತನ್ನಂತೆ ಇಲ್ಲದಿರಲಿ. ಕಸುವಿಲ್ಲದಿರಲಿ. ಒಂದು ಚೂರೂ ತನ್ನಂತೆ ಇಲ್ಲದಿರಲಿ.

ಐದಕ್ಕೆ ಹತ್ತು ನಿಮಿಷವಿರುವಾಗ ಆಟೋ ಗಲ್ಲಿಯ ಬಾಯಿಗೆ ಬಂತು. ಡಬ್ಬಿಗಳನ್ನು ಅಲ್ಲೇ ಬಿಟ್ಟು ಅವನು ಓಡಿದ. ಹೋಟೆಲಿನ ಅಡುಗೆಮನೆಯಲ್ಲಿ ಚಂಪಾ ಆಗತಾನೇ ಕೆಳಗಿಳಿದು ಸಂಜೆಯ ಒಗ್ಗರಣೆಗೆ ಈರುಳ್ಳಿ ಹೆಚ್ಚುತ್ತಿದ್ದಳು. ಗಂಡನ ಪ್ಯಾಂಟು ನೋಡಿ ನಗು ಬಂತು ಅವಳಿಗೆ. ಬಾಯಿಗೆ ಬೆರಳಿಟ್ಟು, ಮೆಲ್ಲಗೆ, ಹೆಮ್ಮೆಯಿಂದ ಹೇಳಿದಳು:

"ಗಲಾಟೆ ಮಾಡ್ಬೇಡಿ. ಹಿಟ್ಟಿನ ಜೊತೆ ಮಲಗಿದ್ದಾನೆ, ನಿಮ್ಮ ಹಾಗೇನೇ. ಇನ್ನು ಅವನನ್ನ ಏನೂ ಅನ್ನೋ ಹಾಗಿಲ್ಲ ನೀವು. ಸಂದಿಗೆ ನಾನೇ ಗೋಣಿ ತುರುಕಿದೆ. ಒದ್ದೆ ಮಾಡಿ ತುರುಕಿದೆ, ಗಾಳಿ ಆಡಬಾರದು ಅಂತ."

ಒದ್ದೆ ಮಾಡುವುದು ಅವಳ ಸ್ವಂತ ಸುಧಾರಣೆ. ಕಥೆಯಲ್ಲಿ ಗೋಣಿ ಒಣಗಿತ್ತು.

ಹಿಟ್ಟಿನ ಕೋಣೆಯ ಬಾಗಿಲು ಒಳಗಿನಿಂದ ಚಿಲಕ ಹಾಕಿತ್ತು. ರಮಾನಾಥ ಕೂಗಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು ಒದ್ದ. ಪ್ಲೈವುಡ್ಡಿನ ಬಾಗಿಲು, ಮೊದಲ ಒದೆತಕ್ಕೇ ಚಿಲಕ ಕಿತ್ತು ಬಂತು. ಅವನ ಬದುಕಿನ ನಿಜವಾದ ಶೌರ್ಯ ಇದೊಂದೇ, ಮತ್ತು ಈ ಒದೆತವನ್ನು ಅವನು ಮುಂದೆಂದೂ ಹೇಳಿಕೊಳ್ಳಲಿಲ್ಲ. ಒಳಗೆ ಕುಂದಾಪುರದ ಮೇ ತಿಂಗಳಿತ್ತು. ಹೊಗೆಯಿಲ್ಲ, ವಾಸನೆಯಿಲ್ಲ, ಸದ್ದಿಲ್ಲ. ಕೆಂಡ ಬೂದಿ ಹೊದ್ದು ಸಭ್ಯವಾಗಿ ಉರಿಯುತ್ತಿತ್ತು. ಅದರ ಪಕ್ಕದ ಬೆಚ್ಚಗಿನ ಜಾಗದಲ್ಲಿ, ಪಾತ್ರೆಗೆ ಕೈ ಸುತ್ತಿ, ರೋಹಿತ್ ಮಲಗಿದ್ದ. ಎದೆಯ ಮೇಲಿನ ಮೊಬೈಲಿನಲ್ಲಿ ಐದು ತಪ್ಪಿದ ಕರೆಗಳಿದ್ದವು. ಗಲ್ಲ ಕೆಂಪಗೆ ಹೊಳೆಯುತ್ತಿತ್ತು.

"ನೋಡಿ, ಎಷ್ಟು ಬೆಚ್ಚಗೆ ನಿದ್ದೆ ಬಂದಿದೆ," ಎಂದಳು ಹಿಂದಿನಿಂದ ಚಂಪಾ.

ಕಾಲು ಹಿಡಿದು ಎಳೆದ. ಅಡುಗೆಮನೆ, ಮೇಜುಗಳ ಸಾಲು, ಹೊಸ್ತಿಲು, ಬೀದಿ. ತಲೆ ಹೊಸ್ತಿಲಿಗೆ ಬಡಿಯದಂತೆ ನಿರೀಕ್ಷಾ ಓಡಿಬಂದು ಹಿಡಿದುಕೊಂಡಳು. ಹದಿನಾಲ್ಕು ವರ್ಷದ ಆ ಹುಡುಗಿಗೆ ಏನಾಯಿತೆಂದು ಗೊತ್ತಾಗದಿದ್ದರೂ, ಅಪ್ಪನ ಬಾಯಿಂದ ಹೊರಡುತ್ತಿದ್ದ ಹೆಸರು ಅಣ್ಣನದಲ್ಲವೆಂದು ಮಾತ್ರ ಗೊತ್ತಾಯಿತು. ರಮಾನಾಥ ಗೋಪಿ, ಗೋಪಿ ಎನ್ನುತ್ತಿದ್ದ. ಮೂವತ್ತು ವರ್ಷ ಯಾವ ಶತ್ರುವನ್ನು ಹೊರಗಿಡಲು ರಟ್ಟು ಬಡಿದನೋ, ರಜಾಯಿ ಹೊದಿಸಿದನೋ, ಅದೇ ಚಳಿಯ ಮುಂದೆ ಮಗನನ್ನು ಮಲಗಿಸಿ, ಅಂಗಿಯ ಗುಂಡಿ ಕಿತ್ತು, ಮಂಜನ್ನು ಎರಡೂ ಕೈಗಳಿಂದ ಅವನ ಮೂಗಿಗೆ ಬೀಸಿದ. ಔಷಧಿ ಅಂಗಡಿಯವನು ಓಡಿಬಂದ. ಯಾರೋ ವ್ಯಾನು ತಂದರು. ಬಹಳ ಹೊತ್ತಾದ ಮೇಲೆ, ಅಥವಾ ಎರಡು ನಿಮಿಷದ ಮೇಲೆ, ರೋಹಿತ್ ಒಂದು ಬದಿಗೆ ಹೊರಳಿ ವಾಂತಿ ಮಾಡಿಕೊಂಡ. ಕಣ್ಣು ತೆರೆದ. ನಾಲಗೆ ಹೊರಳದೆ ಕೇಳಿದ:

"ಪಪ್ಪಾ, ಹಿಟ್ಟು ಎದ್ದಿತಾ?"

ಎದ್ದಿತ್ತು. ಪಾತ್ರೆ ತುಂಬಿ, ಕಂಠ ದಾಟಿ, ನೆಲಕ್ಕೆ ಹರಿದಿತ್ತು. ಮಹಾರಾಣಿಗೆ ಇಂಥದ್ದರಲ್ಲೆಲ್ಲ ದಾಕ್ಷಿಣ್ಯವಿಲ್ಲ. ದ್ವಾರಕಾದವರು ಆ ಸಂಜೆ ಬಿಸ್ಕತ್ತು ತಿಂದರು.

ನರ್ಸಿಂಗ್ ಹೋಮಿನಲ್ಲಿ ಎರಡು ದಿನ ಮೂಗಿಗೆ ಆಮ್ಲಜನಕ ಹಿಡಿದರು. ಇನ್ನು ಅರ್ಧ ಗಂಟೆ ಕಳೆದಿದ್ದರೆ ಎಂದು ಡಾಕ್ಟರು ಶುರುಮಾಡಿ, ಚಂಪಾಳ ಮುಖ ನೋಡಿ ವಾಕ್ಯ ಮುಗಿಸಲಿಲ್ಲ. ಅವಳು ಆ ದಿನದಿಂದ ಗೋಣಿಚೀಲ ಮುಟ್ಟಲಿಲ್ಲ; ಅಕ್ಕಿಯನ್ನೂ ಬೇರೆಯವರೇ ಸುರಿಯಬೇಕು. ಎರಡನೆಯ ದಿನ ರಮಾನಾಥ ಮಗನ ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಇನ್ನರ್ಧ ಕಥೆ ಹೇಳಿದ. ನಾಣ್ಯ, ಜಾಗದ ಜಗಳ, ಕಾಲಿನಿಂದ ತಿವಿದದ್ದು, ಜ್ವರವೆಂದು ಬರೆದ ಕಾಗದ, ರಾಯರ ಮಾತು. ಹೇಳುವಾಗ ಅವನಿಗೆ ಎಲ್ಲೂ ನಿಲ್ಲಿಸಲು ಬರಲಿಲ್ಲ. ಅಭ್ಯಾಸವಿಲ್ಲದ ಕಥೆ, ಕಾಲಿಗೆ ಕಾಲು ತೊಡರಿ ಬಿದ್ದೇಳುತ್ತ ಹೊರಗೆ ಬಂತು.

ರೋಹಿತ್ ಪೂರ್ತಿ ಕೇಳಿಸಿಕೊಂಡ. "ಮುಂಚೆ ಯಾಕೆ ಹೇಳ್ಲಿಲ್ಲ?" ಎಂದ. ಅಪ್ಪ ಉತ್ತರ ಹುಡುಕುವಷ್ಟರಲ್ಲಿ ತಾನೇ, "ಚಲೋ, ನೀವೂ ಉಳಿದ್ರಿ, ನಾನೂ ಉಳಿದೆ," ಎಂದು ಅವನ ಮೊಣಕಾಲು ತಟ್ಟಿ ಸಮಾಧಾನ ಮಾಡಿದ. ಆ ತಟ್ಟುವಿಕೆಯಲ್ಲಿ ಏನೋ ಸರಿಯಿರಲಿಲ್ಲ. ಅದು ಒಬ್ಬ ವೀರ ಇನ್ನೊಬ್ಬ ವೀರನನ್ನು ತಟ್ಟುವ ರೀತಿ. ರಮಾನಾಥ ಮನೆಗೆ ಹೋಗುವವರೆಗೂ ಅದನ್ನೇ ಯೋಚಿಸಿದ.

ಎಂಟು ದಿನ ಕಳೆದವು. ಚಳಿ ಇಳಿಯಲಿಲ್ಲ. ಒಂದು ಸಂಜೆ ಆರೂವರೆಗೆ ರಮಾನಾಥ ತೆಂಗಿನಕಾಯಿ ಚೀಲ ಹೊತ್ತುಕೊಂಡು ಹಿಂಬಾಗಿಲಿನಿಂದ ಬಂದಾಗ ಗಲ್ಲಾದ ಸುತ್ತ ಏಳೆಂಟು ಹುಡುಗರು ನಿಂತಿದ್ದರು. ಕುರ್ಚಿಯಲ್ಲಿ ರೋಹಿತನಿದ್ದ. ಕೈಯಲ್ಲಿ ಕಾಫಿ ಲೋಟ.

"ಪಾತ್ರೆಯನ್ನ ಹೀಗೆ ತಬ್ಬಿಕೊಂಡು ಮಲಗ್ದೆ," ಎನ್ನುತ್ತಿದ್ದ ಅವನು. ಆಮೇಲೆ ನಿಲ್ಲಿಸಿದ. ಒಂದು ಗುಟುಕು ಕುಡಿದ. "ಬಾಗಿಲು ತೆಗೀತಾರೆ, ಹಿಟ್ಟು ನೆಲದ ಮೇಲೆ."

ರಮಾನಾಥ ಕಾಯುತ್ತ ನಿಂತ. ಮುಂದಿನದು ಬರಲೆಂದು ಕಾದ. ಎಳೆದದ್ದು, ವಾಂತಿ, ವ್ಯಾನು, ಗೋಪಿನಾಥ. ಏನೂ ಬರಲಿಲ್ಲ. ಕಥೆ ಅಲ್ಲಿಗೇ ಮುಗಿದಿತ್ತು, ಅದು ಯಾವಾಗಲೂ ಮುಗಿಯುವ ಜಾಗದಲ್ಲಿ.

ಹುಡುಗರು ಭೇಷ್ ಎಂದರು. ಅವರಲ್ಲಿ ಹಾಸನದ ಪ್ರಜ್ವಲ್ ಇದ್ದ, ಮೇ ತಿಂಗಳ ಪರೀಕ್ಷೆಗೆ ಓದುತ್ತಿದ್ದವನು. ಅವನು ಜಾಕೆಟ್ಟಿನ ಜಿಪ್ಪು ಏರಿಸುತ್ತ ಕೇಳಿದ: "ಬಾಸ್, ನಮ್ಮ ರೂಮಲ್ಲೂ ನಿನ್ನೆ ಒಂದು ಅಂಗೀಠಿ ತಂದಿದ್ದೀವಿ. ಸಂದಿ ಮುಚ್ಚಿದ್ರೆ ಎಷ್ಟು ಹೊತ್ತು ಬಿಸಿ ನಿಲ್ಲತ್ತೆ?"

ತೆಂಗಿನಕಾಯಿ ಚೀಲ ನೆಲಕ್ಕೆ ಬಿತ್ತು. ಯಾವ ಗಲ್ಲಾದ ಹಿಂದೆ ಕುಳಿತು ಅವನು ತನ್ನ ಕೀರ್ತಿಯನ್ನು ವರ್ಷಗಟ್ಟಲೆ ಬಡಿಸಿದ್ದನೋ ಅದರ ಎದುರೇ ನಿಂತು, ರಮಾನಾಥ ಇನ್ನರ್ಧವನ್ನು ಹೇಳಿದ. ತಾನು ಸತ್ತವನ ಪಕ್ಕದಲ್ಲಿ ನಿಂತು ಬೆನ್ನು ತಟ್ಟಿಸಿಕೊಂಡವನೆಂದು ಹೇಳಿದ. ಮಗನನ್ನು ಕಾಲು ಹಿಡಿದು ಎಳೆದು ತಂದದ್ದು ಹೇಳಿದ. ರೋಹಿತ್ ಲೋಟದೊಳಗೆ ನೋಡುತ್ತ ಕುಳಿತ.

ಪ್ರಜ್ವಲ್ ಮರ್ಯಾದೆಯಿಂದ ನಕ್ಕ. ಅಂಕಲ್ಲಿಗೆ ಗಾಬರಿ ಜಾಸ್ತಿ ಎಂದು ಪಕ್ಕದವನಿಗೆ ಹಿಂದಿಯಲ್ಲಿ ಹೇಳಿದ. ರಮಾನಾಥನ ಕಡೆ ತಿರುಗಿ, "ಅದು ಆ ಕಾಲ ಅಂಕಲ್. ಆಗಿನವರಿಗೆ ಊಟ ಸರಿ ಇರ್ಲಿಲ್ಲ, ಮೈಯಲ್ಲಿ ಶಕ್ತಿ ಕಮ್ಮಿ. ನಾವು ನಾಲ್ಕು ಜನ ಇದ್ದೀವಿ, ಏನಾಗಲ್ಲ," ಎಂದ.

ರಮಾನಾಥ ಅವನನ್ನು ದಿಟ್ಟಿಸಿ ನೋಡಿದ. ಹಾಸನದ ಹುಡುಗ, ಇಪ್ಪತ್ತೊಂದು ವರ್ಷ, ಚಿಗುರು ಮೀಸೆ, ಕಿವಿಯಲ್ಲಿ ಇಯರ್‌ಫೋನು. ಇಂದುಶೇಖರ ರಾಯರು ಸತ್ತು ಹದಿನೈದು ವರ್ಷವಾಗಿತ್ತು. ಆದರೂ ಅವರೇ ಕೈಕಾಲು ತೊಳೆದು ಬಂದು ಎದುರಿಗೆ ನಿಂತ ಹಾಗಿತ್ತು.

"ರೂಮ್ ಎಲ್ಲಿದೆ?" ಎಂದ.

"ಇಲ್ಲೇ, ಮೂರನೇ ಗಲ್ಲಿ. ಯಾಕಂಕಲ್?"

"ಈಗ ಅಲ್ಲಿ ಯಾರಿದ್ದಾರೆ?"

"ಮೂರು ಜನ. ಮಧ್ಯಾಹ್ನದಿಂದ ಮಲ್ಕೊಂಡಿದ್ದಾರೆ."

ಮಂಜಿನಲ್ಲಿ ಮೂರನೆಯ ಗಲ್ಲಿ ಸಿಕ್ಕುವುದು ತಡವಾಯಿತು. ಮೆಟ್ಟಿಲು ಒಬ್ಬರಿಗಾಗುವಷ್ಟೇ ಅಗಲ. ಹಿಂದೆ ಬರುತ್ತಿದ್ದ ಪ್ರಜ್ವಲ್ ಈಗ ನಗುತ್ತಿರಲಿಲ್ಲ. ನಾಲ್ಕನೆಯ ಮಹಡಿಯ ಬಾಗಿಲಿನ ಬುಡಕ್ಕೆ ಒಳಗಿನಿಂದ ಒಂದು ಸ್ವೆಟರು ಒತ್ತಿಟ್ಟಿದ್ದರು. ಅದರ ನೀಲಿ ತೋಳು ಹೊರಗೆ ಇಣುಕಿತ್ತು. ರಮಾನಾಥ ಬಡಿದ. ಇನ್ನೊಮ್ಮೆ ಬಡಿದ. ಮೂರನೆಯ ಸಲಕ್ಕೆ ಒಳಗೆ ಯಾರೋ ಗೊಣಗಿ, ಚಿಲಕಕ್ಕಾಗಿ ಗೋಡೆಯೆಲ್ಲ ತಡಕಿ, ತೆಗೆದರು. ತೆಗೆದವನು ಬಾಗಿಲ ಚೌಕಟ್ಟು ಹಿಡಿದು ತೂರಾಡುತ್ತ, ತಲೆನೋವು ಎಂದ. ಉಳಿದಿಬ್ಬರನ್ನು ಎಬ್ಬಿಸಲು ಎರಡು ತಂಬಿಗೆ ನೀರು ಬೇಕಾಯಿತು. ಎದ್ದವರು ಬೈದರು. ಅಷ್ಟು ಇಂಪಾದ ಬೈಗುಳ ರಮಾನಾಥನ ಕಿವಿಗೆ ಎಂದೂ ಬಿದ್ದಿರಲಿಲ್ಲ. ಕಿಟಕಿ ತೆರೆದು, ಮೂವರನ್ನೂ ಅದರ ಎದುರು ಕೂರಿಸಿ, ಅಂಗೀಠಿಯನ್ನು ಬಟ್ಟೆ ಸುತ್ತಿ ಎತ್ತಿಕೊಂಡು ಹೊರಗೆ ಬಂದ.

ಅದೇ ಮಹಡಿಯಲ್ಲಿ, ಮೆಟ್ಟಿಲಿನ ಆಚೆಬದಿಗೆ, ಇನ್ನೊಂದು ಬಾಗಿಲಿತ್ತು. ಅದರ ಸಂದಿಗೂ ಏನೋ ಬಟ್ಟೆ ತುರುಕಿತ್ತು. ಕೆಳಗಿನ ಮಹಡಿಯಲ್ಲಿ ನಾಲ್ಕು ಬಾಗಿಲು. ಅದರ ಕೆಳಗೆ ನಾಲ್ಕು. ಮೆಟ್ಟಿಲಿನ ಕಿಂಡಿಯಿಂದ ನೋಡಿದರೆ ಎದುರು ಕಟ್ಟಡ, ಅದರಾಚೆ ಮಂಜಿನಲ್ಲಿ ಕರಗಿದ ಇನ್ನೊಂದು, ಅದರಾಚೆ ಲೆಕ್ಕಕ್ಕೆ ಸಿಗದಷ್ಟು, ಎಲ್ಲದರಲ್ಲೂ ಓದುವ ಮಕ್ಕಳು, ಎಲ್ಲ ಕಿಟಕಿಗಳೂ ಮುಚ್ಚಿದ್ದವು. ಯಾವ ಕಿಟಕಿಯಿಂದಲೂ ಹೊಗೆ ಬರುತ್ತಿರಲಿಲ್ಲ. ಹೊಗೆ ಬರುವುದಿಲ್ಲವೆಂದು ಅವನಿಗೆ ಗೊತ್ತಿತ್ತು.

ಹಿಂದಿನಿಂದ, ಆಗತಾನೇ ಎಬ್ಬಿಸಿದ ಕೋಣೆಯಿಂದ, ಒಬ್ಬ ಹುಡುಗ ಹಲ್ಲು ಕಟಕಟಿಸುತ್ತ ಕೂಗಿದ: "ಅಂಕಲ್, ಹೋಗ್ತಾ ಬಾಗಿಲು ಎಳ್ಕೊಂಡು ಹೋಗಿ. ಚಳಿ ಬರ್ತಿದೆ."

ರಮಾನಾಥ ಎಳೆಯಲಿಲ್ಲ. ಅಂಗೀಠಿಯನ್ನು ಮೆಟ್ಟಿಲ ಮೇಲಿಟ್ಟು, ಬಟ್ಟೆ ತುರುಕಿದ ಆ ಇನ್ನೊಂದು ಬಾಗಿಲನ್ನು ಬಡಿಯತೊಡಗಿದ. ಒಳಗಿನಿಂದ ಇನ್ನೂ ಯಾರೂ ಬೈದಿರಲಿಲ್ಲ.